ನಾದಿನಿಯ ಸಾವಿಗೆಂದು ತೆಗೆದಿಟ್ಟ ಸೀರೆ

ಜೂನ್ ೮, ಭಾನುವಾರ. ಕಾಕ್ಕನಾಡ್. ಬೆಳಿಗ್ಗೆ ಆರೂ ಮುಕ್ಕಾಲಿಗೆ ಪತ್ರಿಕೆಗೆಂದು ಇದನ್ನು ಬರೆಯಲು ಕೂತೆ.

ಎಸ್ತೇರ್ ಮೌಶಿಯ ಕಪಾಟಿನಲ್ಲಿ ಒಂದು ಕೆಂಪು ಇಳಕಲ್ ಸೀರೆ ಇತ್ತು. ಇನ್ನೂ ಮಡಿಕೆ ಬಿಚ್ಚದ ಹೊಸ ಸೀರೆ. ಅದನ್ನು ಅವರು ಕ್ರಿಸ್ಮಸ್ಸಿಗೂ ಉಡುತ್ತಿರಲಿಲ್ಲ, ಯಾರ ಮದುವೆಗೂ ಉಡುತ್ತಿರಲಿಲ್ಲ. ಮೊದಲ ಸಲ ನೋಡಿದಾಗ ಕೇಳಿದೆ, "ಎಷ್ಟು ಚೆನ್ನಾಗಿದೆ! ಯಾವಾಗ ಉಡ್ತೀರ ಮೌಶಿ?"

"ಲೀಲಾಮ್ಮ ಸತ್ತ ದಿನ," ಅಂದರು. ಹಾಗೆಂದು ನನ್ನ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದರು.

ಲೀಲಾಮ್ಮ ಅವರ ಗಂಡನ ತಂಗಿ, ತಿರುವನಂತಪುರದಾಕೆ. ಮೌಶಿ ಹುಬ್ಬಳ್ಳಿಯವರು, ಮಿಷನ್ ಕಾಂಪೌಂಡಿನಲ್ಲಿ ಬೆಳೆದವರು, ಕೊಚ್ಚಿಯಲ್ಲಿ ನರ್ಸ್ ಆಗಿ ನಿವೃತ್ತರಾದವರು. "ಇಲ್ಲಿಂದ ನರ್ಸಮ್ಮಗೋಳು ಲೋಕಕ್ಕೆಲ್ಲಾ ಹೋಗ್ತಾರ. ಲೋಕದಿಂದ ಇಲ್ಲಿಗೆ ಬಂದಾಕಿ ನಾ ಒಬ್ಬಾಕಿ," ಎಂದು ನಗುತ್ತಿದ್ದರು. ಗಂಡ ಜೋಯ್ ವಲ್ಲಾರ್ಪಾಡಂ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ಮಕ್ಕಳಿರಲಿಲ್ಲ.

ನಾನು ಮೈಸೂರಿನವಳು. ಕೆಲಸಕ್ಕೆಂದು ಕೊಚ್ಚಿಗೆ ಬಂದ ವರ್ಷ, ಕಲೂರಿನ ಅಂಗಡಿಯೊಂದರ ಮಹಡಿಯಲ್ಲಿ ತಿಂಗಳ ಮೊದಲ ಭಾನುವಾರ ನಡೆಯುವ ಕನ್ನಡ ಆರಾಧನೆಗೆ ಹೋದೆ. ಅಲ್ಲಿ ಮಕ್ಕಳು ಕೀರ್ತನೆಗಳನ್ನು ಕನ್ನಡದಲ್ಲಿ ಹಾಡಿ, ಜಗಳಗಳನ್ನು ಮಲಯಾಳದಲ್ಲಿ ಆಡುತ್ತಿದ್ದರು. ನನಗೆ ಸಿಕ್ಕಿದ್ದು, ಮುಂದೆ ನಾನು ಮೌಶಿ ಎಂದು ಕರೆಯತೊಡಗಿದ ಇವರ ಪಕ್ಕದ ಕುರ್ಚಿ. ಕರ್ತನ ಭೋಜನದ ಹೊತ್ತಿಗೆ ದ್ರಾಕ್ಷಾರಸದ ಪುಟ್ಟ ಲೋಟಗಳ ತಟ್ಟೆ ನಮ್ಮ ಸಾಲಿಗೆ ಬಂತು. ಅವರು ಲೋಟಗಳ ಮೇಲೆ ಅಂಗೈ ಅಡ್ಡ ಹಿಡಿದು, ತಟ್ಟೆಯನ್ನು ನನ್ನತ್ತ ದಾಟಿಸಿದರು. ಮುಂದಿನ ತಿಂಗಳೂ ಹಾಗೆಯೇ. ತಾರೀಕು ಹಾಕಿ ಬರೆದಿಡುವ ಚಾಳಿ ನನ್ನದು. ಒಂದು ವರ್ಷವಿಡೀ ಅವರು ಒಂದು ಸಲವೂ ಕುಡಿದ ಗುರುತಿಲ್ಲ.

"ಯಾಕೆ ತಗೊಳ್ಳಲ್ಲ ನೀವು?"

"ಸಿಟ್ಟು ಇಟಗೊಂಡು ತಗೋಬಾರ್ದು ಅಂತ ಕರ್ತಾ ಹೇಳ್ಯಾನ. ಸಿಟ್ಟು ಬಿಡಾಕ ನಾ ತಯಾರಿಲ್ಲ. ಸುಳ್ಳು ಹೇಳಿ ಕುಡೀಲೇನು?"

ಸಿಟ್ಟಿನ ಕಾರಣ ಅವರ ಬೈಬಲ್ಲಿನೊಳಗಿತ್ತು: ಒಂದು ಫೋಟೋ. ಇಲ್ಲಿನ ಕ್ರೈಸ್ತರ ಮನೆಗಳಲ್ಲಿ ಮಣ್ಣಿಗೆ ಮುಂಚೆ ತೆರೆದ ಶವಪೆಟ್ಟಿಗೆಯ ಸುತ್ತ ಮನೆಯವರೆಲ್ಲ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಫೋಟೋದಲ್ಲಿ ಜೋಯ್ ಮಲಗಿದ್ದರು. ಸುತ್ತಲೂ ಬಿಳಿ ಬಟ್ಟೆಯ ಜನ. ತಲೆಯ ಬಳಿ, ಹೆಂಡತಿ ನಿಲ್ಲಬೇಕಾದ ಜಾಗದಲ್ಲಿ, ಲೀಲಾಮ್ಮ.

ನಡೆದದ್ದು ಇಷ್ಟು. ಮೌಶಿ ಕಾಯಿಲೆ ಬಿದ್ದ ತಾಯಿಯನ್ನು ನೋಡಲು ಹುಬ್ಬಳ್ಳಿಗೆ ಹೋಗಿದ್ದಾಗ, ಜೋಯ್ ತಂಗಿಯ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡರು. ಮೌಶಿ ಸಿಕ್ಕಿದ ರೈಲು ಹತ್ತಿದರು. ದಾರಿಯುದ್ದಕ್ಕೂ ಫೋನ್ ಮಾಡಿ "ನಾ ಬರಾಕತ್ತೇನಿ" ಎಂದು ಹೇಳುತ್ತಲೇ ಬಂದರು. ರೈಲು ತಡವಾಯಿತು. ಅವರು ಅಂಗಳಕ್ಕೆ ಕಾಲಿಟ್ಟಾಗ ಆಳುಗಳು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಮೂರು ಗಂಟೆ ಎಂದು ನಿಗದಿಯಾಗಿತ್ತು, ಮೂರಕ್ಕೆ ಮಾಡಿದೆವು ಎಂದಳಂತೆ ಲೀಲಾಮ್ಮ.

"ಐಸಿನ ಪೆಟ್ಟಿಗ್ಯಾಗ ಮಲಗಿದ್ದ ಮನಶ್ಯಾಗ ಏನ ಅವಸರ ಇತ್ತವಾ? ಒಂದ ರಾತ್ರಿ ಕಾಯಾಕ ಆಗ್ತಿರಲಿಲ್ಲೇನು? ಮಾರಿ ನೋಡ್ಲಿಲ್ಲ ನಾ. ಮಾರಿ ನೋಡ್ಲಿಲ್ಲ."

ದಿನಾ ಬೆಳಿಗ್ಗೆ ಮೊದಲು ಆ ಫೋಟೋ ನೋಡಿ, ಆಮೇಲೆ ಪ್ರಾರ್ಥನೆಗೆ ಕೂರುತ್ತಿದ್ದರು. ಲೀಲಾಮ್ಮನಿಗೆ ಅವರಿಟ್ಟ ಹೆಸರುಗಳನ್ನು ನಾನು ಬರೆದಿಟ್ಟಿದ್ದೇನೆ. ಹದಿನೇಳು ಇವೆ, ಅಚ್ಚಿಗೆ ಕೊಡಬಹುದಾದದ್ದು ಒಂದೇ: ಗಡಿಯಾರದ ಗೌಡಶಾನಿ. ಸೇಡಿನ ಯೋಜನೆಯೂ ಸಿದ್ಧವಿತ್ತು. ಲೀಲಾಮ್ಮನಿಗಿಂತ ಒಂದು ದಿನವಾದರೂ ಹೆಚ್ಚು ಬದುಕಬೇಕು. ಅವಳ ಸಾವಿಗೆ ಕೆಂಪು ಸೀರೆ ಉಟ್ಟು ಹೋಗಬೇಕು. ಬಿಳಿ ಬಟ್ಟೆಯವರ ನಡುವೆ, ಅವಳ ತಲೆಯ ಬಳಿ ನಿಂತು, ನಕ್ಕು ಫೋಟೋ ತೆಗೆಸಿಕೊಳ್ಳಬೇಕು. ಅದಕ್ಕಾಗಿ ಮೌಶಿ ಬೆಳಗಿನ ನಡಿಗೆ ತಪ್ಪಿಸುತ್ತಿರಲಿಲ್ಲ, ಬಿ.ಪಿ. ಗುಳಿಗೆ ಮರೆಯುತ್ತಿರಲಿಲ್ಲ.

ಒಮ್ಮೆ ಸಭೆಯ ಪಾದ್ರಿ ಅಯ್ಯನವರು ಮನೆಗೆ ಬಂದು ಮೆಲ್ಲಗೆ ಮಾತು ತೆಗೆದರು. "ಎಸ್ತೇರಮ್ಮಾ, ಆ ಫೋಟೋ ಬೈಬಲ್ಲಿನಿಂದ ತೆಗೆಯಿರಿ. ಅದು ನಿಮ್ಮ ಮತ್ತು ದೇವರ ನಡುವೆ ನಿಂತಿದೆ."

"ನಿಂತದ್ರೀ ಅಯ್ಯನೋರ, ನನಗೂ ಕಾಣತದ. ಆದ್ರ ಗಂಡ ಹೋದ, ಅವನ ಮಾರಿ ಹೋತು, ಮಣ್ಣು ಹಾಕೂದೂ ಹೋತು. ಈ ಸಿಟ್ಟೊಂದ ನನ್ನ ಪಾಲಿಗೆ ಬಂದದ್ದು. ಇದನ್ನೂ ಕೊಟ್ರ ನನ್ನ ಕೈಯಾಗ ಏನ ಉಳೀತದ, ಅದನ್ನಷ್ಟ ಹೇಳ್ರಿ."

ಅಯ್ಯನವರು ಪ್ರಾರ್ಥಿಸಿ ಹೋದರು. ನನಗೆ ಮೌಶಿಯದೇ ಸರಿ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಈ ಫೆಬ್ರವರಿಯಲ್ಲಿ ಲೀಲಾಮ್ಮ ಸತ್ತಳು. ಸುದ್ದಿ ಬಂದ ಸಂಜೆಯೇ ಮೌಶಿ ನನಗೆ ಫೋನ್ ಮಾಡಿದರು. "ಮೋಳೇ," ಅಂದರು, ಮಲಯಾಳದಲ್ಲಿ ಮಗಳೇ ಎಂದು ಕರೆದು, "ನಾಳೆ ರಜಾ ಹಾಕು. ಫೋಟೋ ಹೊಡ್ಯಾಕ ನೀ ಬೇಕು." ಬೆಳಗಿನ ರೈಲಿಗೆ ಸ್ಟೇಷನ್ನಿಗೆ ಹೋದರೆ, ಕೆಂಪು ಸೀರೆಯಲ್ಲಿ ಮದುಮಗಳ ತಾಯಿಯಂತೆ ನಿಂತಿದ್ದರು.

ತಿರುವನಂತಪುರದ ಆ ಅಂಗಳದಲ್ಲಿ ನಾವು ಕಾಲಿಟ್ಟಾಗ ಹಾಡು ನಿಂತಿತು. "ಇದಾರಾ?" ಇದು ಯಾರು ಎಂದು ಯಾರೋ ಮಲಯಾಳದಲ್ಲಿ ಪಿಸುಗುಟ್ಟಿದರು. ಜನ ತಾವಾಗಿಯೇ ದಾರಿ ಬಿಟ್ಟರು. ಮೌಶಿ ನೇರ ನಡೆದು ಪೆಟ್ಟಿಗೆಯ ತಲೆಯ ಬಳಿ ನಿಂತರು. ಏನೂ ತಿಳಿಯದ ಫೋಟೋಗ್ರಾಫರ್ ಹುಡುಗ, ಅಕ್ಕ ಅಲ್ಲೇ ನಿಲ್ಲಲಿ ಎಂದು ಕೈ ತೋರಿಸಿದ. ನಾನೂ ಫೋನ್ ಎತ್ತಿದೆ. ಮೌಶಿಯ ತುಟಿಯಲ್ಲಿ ನಗು ಏಳುತ್ತಿತ್ತು.

ಅಷ್ಟರಲ್ಲಿ ಹಿಂದಿನಿಂದ ಯಾರೋ ಹೇಳಿದರು: ಲೀಲಾಮ್ಮನ ಮಗಳು ರೀನಾ ದುಬೈಯಿಂದ ಹೊರಟ ವಿಮಾನ ತಡವಾಗಿದೆ, ಇಳಿದು ಬರಲು ಇನ್ನೆರಡು ಗಂಟೆಯಾದರೂ ಬೇಕು. ಬಿಳಿ ಜುಬ್ಬದ ತೆಳ್ಳಗಿನ ಮುದುಕರೊಬ್ಬರು ಕೈಗಡಿಯಾರ ನೋಡಿಕೊಂಡರು. "ಮೂನ್ನು ಮಣಿ ಎನ್ನಾಲ್ ಮೂನ್ನು ಮಣಿ," ಅಂದರು. ಮೂರು ಅಂದರೆ ಮೂರು. ಇಬ್ಬರು ಗಂಡಸರು ಮುಚ್ಚಳ ಎತ್ತಿಕೊಂಡರು.

ಮೌಶಿ ಕೇಳಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಲೀಲಾಮ್ಮನ ಸ್ವಂತ ಮಗಳೇ ಮುಖ ನೋಡದೆ ಉಳಿಯುತ್ತಾಳೆ, ಮೌಶಿ ಅದನ್ನು ನಿಂತು ನೋಡುತ್ತಾರೆ. ಇನ್ನು ನಗುವುದೊಂದೇ ಬಾಕಿ.

ಅವರು ನಗಲಿಲ್ಲ. ಎರಡೂ ಕೈಯಿಂದ ಪೆಟ್ಟಿಗೆಯ ಅಂಚು ಹಿಡಿದುಕೊಂಡರು.

"ಮೋಳ್ ವರಟ್ಟೆ," ಅಂದರು. ಮಗಳು ಬರಲಿ.

ಮುದುಕರು ಮತ್ತೆ ಗಡಿಯಾರ ತೋರಿಸಿದರು. ಆಗ ಮೌಶಿಯ ಮಲಯಾಳ ಮುಗಿಯಿತು. ಅಂಗಳ ಅದುರುವಂತೆ ಹುಬ್ಬಳ್ಳಿಯ ಕನ್ನಡದಲ್ಲಿ ಕೂಗಿದರು: "ಮುಚ್ಚಳಾ ಹತ್ರ ತಂದ್ರ ಕೈ ಮುರೀತೇನಿ! ಆ ಹುಡುಗಿ ಅವ್ವನ ಮಾರಿ ನೋಡೂತನಕ ಯಾಂವನೂ ಮುಂದ ಬರಬ್ಯಾಡ್ರಿ!"

ಅಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಎಲ್ಲರಿಗೂ ಅರ್ಥವಾಯಿತು. ಮುಚ್ಚಳ ಗೋಡೆಗೆ ಒರಗಿತು.

ಕಾಯುತ್ತಿರುವಾಗ ನೆರೆಮನೆಯ ಹೆಂಗಸೊಬ್ಬಳು ನಮಗೆ ನೀರು ತಂದುಕೊಟ್ಟಳು. ಈ ಮನೆತನದ ಸಾವುಗಳಿಗೆಲ್ಲ ಹೊತ್ತು ನಿಗದಿ ಮಾಡುವವರು ಆ ಮುದುಕರೇ, ಜೋಯ್ ಸತ್ತಾಗಲೂ ಅವರೇ ಎಂದಳು. ಲೀಲಾಮ್ಮ ಅಂದು, ಅತ್ತಿಗೆ ಬರಲಿ ಎಂದು ಅತ್ತಿದ್ದಳಂತೆ; ಯಾರೂ ಕೇಳಲಿಲ್ಲವಂತೆ. ಮೌಶಿ ಲೋಟ ಹಿಂದಿರುಗಿಸಿದರು. ಐದು ದಾಟಿದ ಮೇಲೆ ರೀನಾ ಬಂದು, ತಾಯಿಯ ಕೆನ್ನೆಗೆ ಕೆನ್ನೆಯಿಟ್ಟಳು. ಮೌಶಿ ತಮ್ಮ ಜಾಗವನ್ನು ಅವಳಿಗೆ ಬಿಟ್ಟು ಹೊರಗೆ ಬಂದರು. ಫೋಟೋಗೆ ನಿಲ್ಲಲಿಲ್ಲ.

ಮರಳುವ ರೈಲಿನಲ್ಲಿ ಕೊಲ್ಲಂ ದಾಟಿದ ಮೇಲೆ ಸಿಡುಕಿದರು. "ಕಳ್ಳಿ. ಸತ್ತ ಮ್ಯಾಲೂ ನನ್ನ ಸಿಟ್ಟು ಕಸಗೊಂಡ್ಲು ನೋಡು. ಎಷ್ಟ ವರ್ಷ ಜ್ವಾಪಾನ ಮಾಡಿದ್ದೆ!"

"ಅವರು ಅತ್ತಿದ್ದರಂತಲ್ಲ ಮೌಶಿ."

"ಅಳೂದಲ್ಲ, ಪೆಟ್ಟಿಗಿ ಹಿಡ್ಕೋಬೇಕಿತ್ತು."

"ಆ ಮುದುಕ ಯಾರು ಅಂತ ನಾನು ವಿಚಾರಿಸ್ತೀನಿ. ಹೆಸರು ಗೊತ್ತಾಗಲಿ."

ಅವರು ನನ್ನ ಮಣಿಕಟ್ಟು ಹಿಡಿದರು, ನಾಡಿ ನೋಡುವವರಂತೆ. "ಬ್ಯಾಡ ಮೋಳೇ. ಹೆಸರು ಗೊತ್ತಾದ್ರ ಮನೀಗೆ ಒಯ್ಯಬೇಕಾಗ್ತದ. ಈಗಷ್ಟ ಕೈ ಖಾಲಿ ಆಗೇದ." ಮತ್ತೆ ಕೇಳಿದರು, "ನಾಳಿ ಬೆಳಿಗ್ಗಿ ಪ್ರಾರ್ಥನಾ ಎಲ್ಲಿಂದ ಸುರು ಮಾಡ್ಲಿ?"

ಮಾರ್ಚ್ ಮೊದಲ ಭಾನುವಾರ ತಟ್ಟೆ ಬಂದಾಗ ಲೋಟ ತೆಗೆದುಕೊಂಡರು. ಕುಡಿದು ಮುಖ ಸಿಂಡರಿಸಿ, ನನ್ನ ಕಿವಿಯಲ್ಲಿ "ಸಕ್ಕರಿ ಹೆಚ್ಚಾಗೇದ" ಅಂದರು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಏಪ್ರಿಲಿನಲ್ಲಿ ಗದಗಿನ ತಂಗಿಯ ಮನೆಗೆ ಹೋದರು. ಮೇ ತಿಂಗಳಲ್ಲಿ, ಮೌಶಿ ತೀರಿಕೊಂಡರೆಂದು ಅಲ್ಲಿಂದ ಫೋನ್ ಬಂತು. ನಾನು ಬಸ್ಸುಗಳನ್ನು ಬದಲಾಯಿಸುತ್ತ ಗದಗ ಮುಟ್ಟಿದಾಗ ಮರುದಿನದ ಬಿಸಿಲು ಏರಿತ್ತು. ಅಂಗಳದಲ್ಲಿ ಜನ ಕೂತೇ ಇದ್ದರು. "ಕೊಚ್ಚಿಯಿಂದ ಒಬ್ಬಾಕಿ ಬರ್ತಾಳ, ಅಕಿ ಬರೂತನಕ ಮುಚ್ಚಬ್ಯಾಡ್ರಿ ಅಂತ ಅಕ್ಕ ಹೇಳಿದ್ಲು," ಎಂದು ತಂಗಿ ನನ್ನನ್ನು ಒಳಗೆ ಕರೆದೊಯ್ದರು. ನಾನು ಮುಖ ನೋಡಿದೆ.

ಮೌಶಿ ಕೈ ಖಾಲಿ ಮಾಡಿಕೊಂಡು ಹೋದರು. ನನ್ನ ಕೈ ಇನ್ನೂ ಖಾಲಿಯಾಗಿಲ್ಲ. ಆಗಬೇಕೆಂಬ ಆಸೆಯೂ ಸದ್ಯಕ್ಕಿಲ್ಲ. ತಿರುವನಂತಪುರದಲ್ಲಿ, ಆ ಮನೆತನದ ಸಾವುಗಳಿಗೆ ಹೊತ್ತು ಇಡುವ, ಬಿಳಿ ಜುಬ್ಬದ, ತೆಳ್ಳಗಿನ ಆ ಮುದುಕರನ್ನು ಬಲ್ಲವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ಹೆಸರೊಂದಿದ್ದರೆ ಸಾಕು.