ಸ್ಟೇಜ್ ಗಟ್ಟಿ ಇದೆಯಾ ಎಂದು ಕುಣಿದವರು

"ಆಫ್ರಿಕಾದವ ಅನ್ನಿಸ್ಕೊಳ್ಳೂಕೆ ನಾನು ಇನ್ನೆಷ್ಟು ಕಪ್ಪಾಗ್ಬೇಕೋ ಮಾರಾಯ!"

ದುಬೈನ ಪಾರ್ಕೊಂದರಲ್ಲಿ ಆಫ್ರಿಕನ್ ನೃತ್ಯೋತ್ಸವಕ್ಕೆ ಸ್ಟೇಜ್ ಕಟ್ಟುತ್ತಿದ್ದ ನಾನು ಈ ಕನ್ನಡ ಕೇಳಿ ಬೆಚ್ಚಿ ತಿರುಗಿದೆ. ಗುಂಗುರು ಕೂದಲಿನ ದಢೂತಿ ಆಸಾಮಿಯೊಬ್ಬ ಡಮಾಮಿ ಎಂಬ ಡೋಲು ಹಿಡಿದು ನಿಂತಿದ್ದ. ಯಲ್ಲಾಪುರದ ಸಿದ್ದಿ ಜನಾಂಗದವ, ಇಲ್ಲಿ ಸೆಕ್ಯುರಿಟಿ ಗಾರ್ಡ್. ಅವನ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದಿದ್ದರಂತೆ. ಮೂವರು ಗೆಳೆಯರೊಂದಿಗೆ ಕುಣಿಯಲು ಬಂದರೆ, ಟೈ ಕಟ್ಟಿದ ಮ್ಯಾನೇಜರ್ ಪಾಸ್‌ಪೋರ್ಟ್ ನೋಡಿ, "ಇಂಡಿಯನ್ನಾ? ಬಾಲಿವುಡ್ ನೈಟ್‌ಗೆ ಬನ್ನಿ" ಅಂದಿದ್ದ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಾನು ಕಟ್ಟಿದ ಸ್ಟೇಜಿನ ಮೇಲೆ ನಾಲ್ಕು ಜನ ಕುಣಿದು ನೋಡದೆ ಎಂಥ ದೊಡ್ಡ ಮನುಷ್ಯನನ್ನೂ ಹತ್ತಿಸುವುದಿಲ್ಲ.

"ಸರ್, ಸ್ಟೇಜ್ ಟೆಸ್ಟ್ ಮಾಡಲು ಇವರು ಬೇಕು," ಎಂದೆ.

"ಯಲ್ಲಾ, ಬೇಗ ಮುಗಿಸು," ಎಂದು ಮ್ಯಾನೇಜರ್ ಅರಬ್ಬಿ ಬೆರೆಸಿ ಅವಸರಪಡಿಸಿದ.

ನಾನು ಸಿದ್ದಿಗೆ, "ಹತ್ತಿ ಮಾರಾಯ್ರೆ, ಮುರಿದ್ರೆ ನಾನುಂಟು" ಅಂದೆ.

ಹತ್ತಿದರು ನೋಡಿ! ಹಲಗೆಗಳು ಗುಡುಗಿದವು. ಘಾನಾದ ಡೋಲಿನವರು ಕೆಳಗಿನಿಂದಲೇ ತಾಳ ಸೇರಿಸಿದರು, ಆಮೇಲೆ ತಡೆಯಲಾರದೆ ಮೇಲೆ ಹತ್ತಿಬಿಟ್ಟರು. ಜನ ಮುತ್ತಿಕೊಂಡರು. ಮ್ಯಾನೇಜರ್ ಓಡಿಬಂದು, "ಟೆಸ್ಟ್ ಖಲಾಸಾ?" ಎಂದ.

"ಎಡಗಡೆ ಮೂಲೆ ಇನ್ನೂ ಬಾಕಿ ಸರ್," ಎಂದೆ ಗಂಭೀರವಾಗಿ. ಆ ಮೂಲೆಯ ಟೆಸ್ಟ್ ಕಾರ್ಯಕ್ರಮ ಮುಗಿಯುವವರೆಗೂ ನಡೆಯಿತು.

ಅಂದಿನಿಂದ ಮುಖ ನೋಡಿ ಇವ ಎಲ್ಲಿಯವ ಎಂದು ತೀರ್ಮಾನಿಸುವುದನ್ನು ಬಿಟ್ಟಿದ್ದೇನೆ. ಮೊದಲು ಎಲ್ಲರನ್ನೂ ಕನ್ನಡದಲ್ಲೇ ಮಾತಾಡಿಸುತ್ತೇನೆ. ನಮ್ಮ ಲೇಬರ್ ಕ್ಯಾಂಪಿನ ಇಬ್ಬರು ನೈಜೀರಿಯಾದವರು ನನಗೆ ತಲೆ ಸರಿಯಿಲ್ಲ ಎಂದುಕೊಂಡಿದ್ದಾರೆ.