ಎರಿಮಣ್ಣಿಗೊಂದು ನೀರು, ಮುರುಮಿಗೊಂದು

ವಿಶ್ವನಾಥಪ್ಪನವರು ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಟೆಕ್ನಿಶಿಯನ್ ಆಗಿದ್ದರು. ಆಮೇಲೆ ಮಗಳ ಊರೆಂದು ಸಂಭಾಜಿನಗರಕ್ಕೆ ಬಂದು, ಹದಿನೆಂಟು ಮನೆಗಳ ಒಂದು ಸೊಸೈಟಿಯಲ್ಲಿ ನೆಲೆಸಿದರು. ನೆಲೆಸಿದರು ಎಂಬುದು ಬರೀ ಮಾತಿಗೆ. ನಿವೃತ್ತರಾದರೇ ಹೊರತು ವೃತ್ತ ಬಿಡಲಿಲ್ಲ: ಬೆಳಗಿನಿಂದ ಮನೆಯೊಳಗೇ ಸುತ್ತುವುದು, ಸರಿಯಿದ್ದ ಮಿಕ್ಸರ್ ಬಿಚ್ಚುವುದು, ಜೋಡಿಸಿ ಮತ್ತೆ ಬಿಚ್ಚುವುದು. ಬೇಸತ್ತ ಹೆಂಡತಿ ಶಿವಗಂಗಾ ಸೊಸೈಟಿಯ ಕಾರ್ಯದರ್ಶಿ ಅಲಕಾಳಿಗೆ ಮೊರೆಯಿಟ್ಟರು. ಅಲಕಾ ಸೋಲಾಪುರದವಳು, ಕನ್ನಡ ಬಲ್ಲವಳು.

"ಕಾಕಾ, ಲಾನ್ ಒಣಗೇದ. ಎರಡು ತಿಂಗಳು ನಿಮ್ಮ ಕೈಯಾಗ. ಹಸಿರಾದ್ರ ಠೀಕ್, ಇಲ್ಲಾಂದ್ರ ಪೇವರ್ ಬ್ಲಾಕ್ ಹಾಕಿ ಗಾಡಿ ನಿಲ್ಲಸ್ತೇವಿ."

ಸಿಕ್ಕಿತಲ್ಲ ಕೆಲಸ! ಹೊಸ ಪೈಪು, ಟೈಮರು, ತಿರುಗುವ ಕಾರಂಜಿ. ನೀರು ಎಲ್ಲ ಕಡೆ ಸಮನಾಗಿ ಬೀಳುತ್ತದೋ ಇಲ್ಲವೋ ಎಂದು ಅಲ್ಲಲ್ಲಿ ಸ್ಟೀಲ್ ಬಟ್ಟಲಿಟ್ಟು ಅಳೆದರು. ದಿನಕ್ಕೆ ಹದಿನೆಂಟು ನಿಮಿಷ, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದೂವರೆ ತಿಂಗಳಿಗೆ ಕಾಂಪೌಂಡಿನ ಕಡೆಯ ಅರ್ಧ ಕೆಸರಾಗಿ ಹುಲ್ಲು ಕೊಳೆಯಿತು. ಗೇಟಿನ ಕಡೆಯ ಅರ್ಧ ಹಳೇ ಚಾಪೆಯಾಯಿತು. ನಡುವೆ ಒಂದಿಷ್ಟು ಕಳೆ ಬಂತು. ಮುಖಕ್ಕೆ ಬರುವ ಕಳೆಯಲ್ಲ, ಕೀಳುವ ಕಳೆ. ಅವರು ಮೋಟಾರು ಬಿಚ್ಚಿದರು, ನಾಝಲ್ ಬದಲಿಸಿದರು, ನಿದ್ದೆ ಬಿಟ್ಟರು. ಉಳಿದದ್ದು ಹದಿನೈದೇ ದಿನ.

ಅಷ್ಟರಲ್ಲಿ ಶಿವಗಂಗಾ ಅವರೆಬಳ್ಳಿಗೆ ಹಗ್ಗ ಕಟ್ಟಲು ಗೂಟ ಬೇಕೆಂದು ಗಂಡನ ಉದ್ದನೆಯ ಸ್ಕ್ರೂಡ್ರೈವರನ್ನೇ ಲಾನಿಗೆ ಚುಚ್ಚಿದರು. ಕಾಂಪೌಂಡಿನ ಕಡೆ ಅದು ಹಿಡಿಯ ತನಕ ಇಳಿಯಿತು. ಗೇಟಿನ ಕಡೆ ಎರಡು ಬೆರಳು ಇಳಿದು ಟಕ್ಕೆಂದು ನಿಂತಿತು.

"ನನ್ನ ಸ್ಕ್ರೂಡ್ರೈವರ್!" ಎಂದು ಓಡಿ ಬಂದರು ವಿಶ್ವನಾಥಪ್ಪ.

"ಅದನ್ನ ಬಿಡ್ರಿ, ನೆಲಾ ನೋಡ್ರಿ. ಕಾಂಪೌಂಡ್ ಕಡೆ ನಮ್ಮ ಗದಗಿನಂಥಾ ಕರೀ ಎರಿಮಣ್ಣು, ಕುಡಿದ ನೀರು ಹಿಡಕೊಂಡು ಕುಂಡರತೈತಿ. ಇಲ್ಲಿ ಗೇಟಿನ ಕಡೆ ಬಿಲ್ಡರ್ ಸುರಿದ ಮುರುಮು, ಬರೇ ಹರಳು. ಹಾಕಿದ್ದೆಲ್ಲಾ ಸೋರಿ ಹೋಗತೈತಿ. ಎರಡಕ್ಕೂ ಒಂದ ಅಳತಿ ಹಾಕೀರಿ! ಮೋಟಾರ್ ಬಿಚ್ಚಿದ್ರಿ, ಪೈಪ್ ಬಿಚ್ಚಿದ್ರಿ, ಮಣ್ಣು ಮುಟ್ಟಿ ನೋಡೀರೇನು?"

ಮುಟ್ಟಿರಲಿಲ್ಲ.

ಅಂದಿನಿಂದ ಮುರುಮಿಗೆ ಸಗಣಿಗೊಬ್ಬರ ಹರಡಿ, ಬೆಳಿಗ್ಗೆ ಸಂಜೆ ಸ್ವಲ್ಪ ಸ್ವಲ್ಪ ನೀರು. ಎರಿಮಣ್ಣಿಗೆ ಕೆಸರು ಆರುವ ತನಕ ಏನೂ ಇಲ್ಲ. ಈ ಏನೂ ಇಲ್ಲದ್ದೇ ಅವರನ್ನು ಕೊಂದಿತು. ಏಳನೆಯ ದಿನ ಪೈಪು ಹಿಡಿದು ನಿಂತೇಬಿಟ್ಟರು.

"ಮುಟ್ಟಬ್ಯಾಡ್ರಿ," ಎಂದರು ಶಿವಗಂಗಾ.

"ಬಿರುಕು ಬಿಡಾಕತ್ತೈತಿ!"

"ಬಿಡ್ಲಿ. ಬೇರಿಗೆ ಉಸಿರು ಬೇಕು. ನೀವೂ ಒಂದೀಟು ಉಸಿರಾಡ್ರಿ."

ಗಡುವಿನ ದಿನ ಅಲಕಾ ಬಂದಾಗ ಎರಡೂ ಕಡೆ ಸೂಜಿಮೊನೆಯಷ್ಟು ಹಸಿರು ಎದ್ದಿತ್ತು. ಅವಳು ಸುತ್ತಿ ನೋಡಿದಳು.

"ಎರಿ ಅರ್ಧ ಇರ್ಲಿ. ವಾರಕ್ಕೊಮ್ಮೆ ನೀರು ಸಾಕಲ್ಲ? ಮುರುಮಿನ ಅರ್ಧಕ್ಕ ಬ್ಲಾಕ್ ಹಾಕೂನು. ನಳಕ್ಕ ನೀರು ಬರೂದ ಅಷ್ಟಕ್ಕಷ್ಟ, ದಿನಾ ಎರಡು ಸಲ ಎಲ್ಲಿಂದ ತರೂದು?"

ಮಾತು ನ್ಯಾಯವಾಗಿತ್ತು. ಶಿವಗಂಗಾ ಕೂಡ ತಲೆಯಾಡಿಸಿದರು.

"ಬೇಕಾದ್ರ ಎರಿಮ್ಯಾಲೆ ಹಾಕ್ರಿ," ಎಂದರು ವಿಶ್ವನಾಥಪ್ಪ.

"ಕಾಕಾ, ಮಳಿಗಾಲದಾಗ ಎರಿ ಉಬ್ಬಿ ಬ್ಲಾಕೆಲ್ಲಾ ಕುಣೀತಾವ!"

ಅವರ ದನಿ ಇಳಿಯಿತು. "ಎರಿಗೆ ನಾ ವಾರಕ್ಕ ಒಂದ ದಿನ ಬೇಕು, ತಂಗಿ. ಉಳಿದ ಆರು ದಿನ ನಾ ಏನ ಮಾಡ್ಲಿ?"

ಅಲಕಾ ಮುರುಮಿನ ಹಸಿರನ್ನು ಮತ್ತೊಮ್ಮೆ ನೋಡಿ ಹೇಳಿದಳು, "ಸೊಸೈಟಿ ಟ್ಯಾಂಕಿನ ನೀರು ಹನಿನೂ ಕೊಡೂದಿಲ್ಲ. ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಹದಿನೆಂಟು ಮನಿಯಿಂದ ಹೊತ್ತು ತಂದು ಹಾಕ್ತೀರೇನು?"

"ದಿನಾ ಎರಡು ಸಲಾನ?" ಎಂದರು ಅವರು, ಬಡ್ತಿಯ ಕಾಗದ ಕೈಗೆ ಬಂದವರಂತೆ.

ಮರುದಿನ ಬೆಳಿಗ್ಗೆ ಆರೂವರೆಗೆ ಮೊದಲ ಮನೆಯ ಗಂಟೆ ಮೊಳಗಿತು. ಬಾಗಿಲು ತೆಗೆದವರು ಅಕ್ಕಿ ಇನ್ನೂ ಡಬ್ಬಿಯಲ್ಲೇ ಇದೆ ಎಂದರು. ಅವಸರವಿಲ್ಲ, ಇಲ್ಲೇ ಕೂತಿರುತ್ತೇನೆ ಎಂದರು ವಿಶ್ವನಾಥಪ್ಪ. ಬಕೆಟ್ಟು ಮಾತ್ರ ಅಲ್ಲಿ ಕೂತಿತು. ಅವರು ಆಗಲೇ ಎರಡನೆಯ ಮನೆಯ ಮೆಟ್ಟಿಲು ಹತ್ತುತ್ತಿದ್ದರು.