ನೀರೊಳಗಿನ ಬದು

ಕಾಕಾನ ತಲೆಗೆ ಸಲಿಕೆ ಬೀಸಿದಾಗ ಬಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಒದ್ದೆ ಕಂಬಳಿಯನ್ನು ಕಲ್ಲಿಗೆ ಬಡಿದಂಥ ಮಂದ ಸದ್ದು. ಎಡಗಿವಿಯ ಮೇಲ್ಭಾಗ ಹರಿದು ಜೋತುಬಿತ್ತು. ಅವನು ಕೆಸರಿನಲ್ಲಿ ಕುಸಿದು ಕೂತ. ರಕ್ತ ಕಣ್ಣಿಗೆ ಇಳಿಯುತ್ತಿದ್ದರೂ ಒಂದು ಕಾಲನ್ನು ನಾನು ಎಳೆದ ಗೆರೆಯ ಮೇಲೆಯೇ ಇಟ್ಟುಕೊಂಡಿದ್ದ. ನಾನು ಸಲಿಕೆಯನ್ನು ಮತ್ತೊಮ್ಮೆ ಎತ್ತಿದೆ. ಈ ಸಲ ಆ ಕಾಲಿಗೆ. ಅದನ್ನು ಬೀಸದೆ ಕೆಳಗಿಳಿಸಿದ್ದು ಹೇಗೆಂದು ನನಗೇ ಗೊತ್ತಿಲ್ಲ, ಒಳ್ಳೆಯತನದಿಂದಂತೂ ಅಲ್ಲ.

ಕಾಕಾ ನಮ್ಮ ರಕ್ತಸಂಬಂಧಿಯಲ್ಲ, ಪಕ್ಕದ ಹೊಲದವನು. ನಾನು ಸಣ್ಣವನಿದ್ದಾಗ ಹಳ್ಳ ಬಂದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಶಾಲೆಗೆ ದಾಟಿಸುತ್ತಿದ್ದವನು. ಈಗ ಎಪ್ಪತ್ತು ದಾಟಿದೆ. ನನಗೆ ನಲವತ್ತಾರು, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಕಾಲೇಜಿನಲ್ಲಿ ಸಾಹಿತ್ಯ ಕಲಿಸುತ್ತೇನೆ. ಈ ವರ್ಷ ನನ್ನ ಪಾಲಿಗೆ ಬಂದದ್ದು ಅಸಂಗತ ಸಾಹಿತ್ಯ. ಬದುಕಿಗೆ ಅರ್ಥವಿಲ್ಲವೆಂದು ಗೊತ್ತಾದ ಮೇಲೂ ಮನುಷ್ಯ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾನೆ ಎಂದು ಹಿಂದಿನ ವಾರವಷ್ಟೇ ತರಗತಿಯಲ್ಲಿ ಹೇಳಿದ್ದೆ. ಬಾದಾಮಿಯಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತು, "ಅಂಥಾ ಮಂದಿ ಖರೇನ ಇರ್ತಾರೇನ್ರಿ ಸರ್?" ಎಂದಳು. ಅದೆಲ್ಲ ದೊಡ್ಡ ಯುದ್ಧ ನೋಡಿದ ದೇಶಗಳ ಮಾತು ಎಂದು ಹೇಳಿ ಅವಳನ್ನು ಕೂರಿಸಿದೆ. ನನ್ನ ವಿದ್ಯೆಗೆ ಬೆಂಕಿ ಹಾಕಬೇಕು.

ಏಕೆಂದರೆ ನಾನು ಸಲಿಕೆ ಬೀಸಿದ ಆ ಹೊಲ ನಮ್ಮದಲ್ಲ. ಕಾಕಾನದೂ ಅಲ್ಲ. ಘಟಪ್ರಭೆಯ ಹಿನ್ನೀರಿಗೆಂದು ಸರ್ಕಾರ ಎಂದೋ ಎರಡನ್ನೂ ತೆಗೆದುಕೊಂಡು, ಊರನ್ನು ಎತ್ತರದ ಜಾಗಕ್ಕೆ ಸಾಗಿಸಿದೆ. ಮಳೆಗಾಲ ಬಂತೆಂದರೆ ಹೊಲ ನೀರಿನಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಮೆಕ್ಕಲು ಮೇಲೇಳುತ್ತದೆ. ಹಳೆಯ ಒಡೆಯರು ತಮ್ಮ ತಮ್ಮ ಜಾಗ ಹುಡುಕಿಕೊಂಡು ಹೋಗಿ ಹೆಸರುಕಾಳು, ಸೌತೆ ಹಾಕುತ್ತಾರೆ. ಕಾಗದದ ಪ್ರಕಾರ ನಾವೆಲ್ಲ ಅತಿಕ್ರಮಣದವರು. ನೀರು ಬೇಗ ಏರಿದರೆ ಕಾಯಿ ಕಟ್ಟುವ ಮೊದಲೇ ಎಲ್ಲವೂ ಮುಳುಗುತ್ತದೆ.

ಹೊಸ ಊರಿನಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ಒಂದೇ ಗೋಡೆ. ಆ ಗೋಡೆ ಯಾರ ಜಾಗದಲ್ಲಿದೆ ಎಂದು ಈವರೆಗೆ ಯಾರೂ ಕೇಳಿಲ್ಲ. ನಮ್ಮ ಮನೆಯ ಹೋಳಿಗೆ ಅಲ್ಲಿಗೆ, ಅಲ್ಲಿಯ ರೊಟ್ಟಿ ಇಲ್ಲಿಗೆ. ಜಗಳವೆಲ್ಲ ಎರಡು ಹೊಲಗಳ ನಡುವಿನ ಆ ಮುಳುಗಿದ ಬದುವಿನದು. ಭೂಮಿ ನಮ್ಮದಿದ್ದಾಗಲೂ ಅದಕ್ಕಾಗಿ ಬಡಿದಾಡುತ್ತಿದ್ದರು, ಹೋದ ಮೇಲೂ ಬಿಡಲಿಲ್ಲ. ಅಪ್ಪನ ಎಡಗೈಯ ಎರಡು ಬೆರಳು ಕಾಕಾನ ಕುಡುಗೋಲಿಗೆ ಹೋದವು. ಮರುವರ್ಷ ಅಪ್ಪ ನೊಗದ ಕಟ್ಟಿಗೆಯಿಂದ ಕಾಕಾನ ಮೊಣಕಾಲು ಮುರಿದ. ಎರಡೂ ಸಲ ಹೊಡೆದವನೇ ಹೊಡೆಸಿಕೊಂಡವನನ್ನು ಗಾಡಿಯಲ್ಲಿ ಮಲಗಿಸಿ ದವಾಖಾನೆಗೆ ಒಯ್ದ. ಎರಡೂ ಸಲ ಗಾಯಗೊಂಡವನು "ಬಿದ್ನಿ" ಎಂದಷ್ಟೇ ಹೇಳಿದ. ಅದು ಅವರಿಬ್ಬರ ನಡುವಿನ ಕಟ್ಟಳೆಯಾಗಿತ್ತು.

ಬದುವಿನ ಗುರುತೆಲ್ಲ ನೀರಿಗೆ ಕರಗಿದ ಮೇಲೆ ಉಳಿದದ್ದು ನಮ್ಮ ಕಡೆಯ ಒಂದು ಬೇವಿನ ಬೊಡ್ಡೆ. ಅಲ್ಲಿಂದ ಕಾಕಾನ ಹೊಲದ ಕಡೆಗೆ ನಲವತ್ತು ಹೆಜ್ಜೆ ನಡೆದರೆ ಬದು. ಇದನ್ನು ಇಬ್ಬರೂ ಒಪ್ಪುತ್ತಾರೆ. ಆದರೆ ಅಪ್ಪನದು ಒಂಟೆಯ ಕಾಲು. ಕಾಕಾನ ಹೆಜ್ಜೆ ಗಿಡ್ಡ, ಮೊಣಕಾಲು ಮುರಿದಂದಿನಿಂದ ಅವನು ಎಳೆದೇ ನಡೆಯುತ್ತಾನೆ. ಹಾಗಾಗಿ ಕಾಕಾನ ನಲವತ್ತು ಮುಗಿಯುವಲ್ಲಿ ಅಪ್ಪನ ಎಂಟು ಹೆಜ್ಜೆ ಬಾಕಿ ಉಳಿಯುತ್ತದೆ. ಆ ಎಂಟು ಹೆಜ್ಜೆಯ ನೆಲವನ್ನು ಕಾಕಾ ತನ್ನದೆನ್ನುತ್ತಾನೆ. ಹೆಜ್ಜೆ ಗಿಡ್ಡ ಮಾಡಿದ್ದು ಯಾರೆಂದು ಅಪ್ಪನನ್ನು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಈ ಬೇಸಿಗೆಯಲ್ಲಿ ಅಪ್ಪನಿಗೆ ಹೊಲದ ತನಕ ನಡೆಯಲಾಗದಂತಾಯಿತು. ಭಾನುವಾರ ಬೆಳಿಗ್ಗೆ ನನ್ನನ್ನು ಕರೆದು, "ನೀ ಹೋಗಿ ಗೆರಿ ಎಳದು ಬಾ" ಎಂದ. ಹೋದೆ. ಬೊಡ್ಡೆಯಿಂದ ಎಣಿಸುತ್ತ ನಡೆದು ಸಲಿಕೆಯಿಂದ ಗೆರೆ ಎಳೆದೆ. ಕಾಕಾ ಬಂದು ಕಾಲಿಂದ ಒರೆಸಿದ.

"ನಿಮ್ಮಪ್ಪಗಿಂತ ನಿನ್ನ ಕಾಲು ಉದ್ದ ಅದಾವಲ್ಲೊ ಮಾಸ್ತರ," ಎಂದು ನಕ್ಕ.

ಮತ್ತೆ ಎಳೆದೆ. ಮತ್ತೆ ಒರೆಸಿದ. ಮೂರನೆಯ ಸಲ ಎಳೆದಾಗ ಅವನು ಒರೆಸಲಿಲ್ಲ, ಸುಮ್ಮನೆ ಗೆರೆಯ ಮೇಲೆ ನಿಂತು ನನ್ನ ಮುಖ ನೋಡಿದ. ಅಲ್ಲಿ ಹೆಸರು ಬಿತ್ತುವ ಆಸೆ ನನಗೆ ಇರಲಿಲ್ಲ, ಹೆಸರಿನ ಗಿಡ ನೋಡಿದರೆ ಗುರುತು ಹಿಡಿದೇನು ಅಷ್ಟೇ. ಆದರೂ ಆ ಮುದುಕನನ್ನು ಕೊಂದುಬಿಡಬೇಕು ಎನ್ನಿಸಿತು. ಅನ್ನಿಸಿದ್ದನ್ನು ಬರೆಯುತ್ತಿದ್ದೇನೆ. ಬೀಸಿದೆ.

ಆಮೇಲೆ ಸಲಿಕೆ ಬಿಸಾಕಿದೆ. ಟವೆಲ್ಲಿನಿಂದ ಅವನ ತಲೆ ಬಿಗಿದು ಬೈಕಿನ ಹಿಂದೆ ಕೂರಿಸಿಕೊಂಡೆ. ಅವನು ಎರಡೂ ಕೈಗಳಿಂದ ನನ್ನ ಸೊಂಟ ತಬ್ಬಿ, ಬೆನ್ನಿಗೆ ಕೆನ್ನೆ ಒರಗಿಸಿದ. ಬಿಸಿ ರಕ್ತ ಅಂಗಿಯೊಳಗೆ ಇಳಿದು ಬೆಲ್ಟಿನ ತನಕ ಬಂತು. "ಸಾವಕಾಶ ನಡಸು ತಮ್ಮಾ, ಮುಂದ ತಗ್ಗೈತಿ," ಎನ್ನುತ್ತಿದ್ದ. ಇವನು ಸತ್ತರೆ ನಾನು ಕೊಲೆಗಾರ. ಬದುಕಿ ನನ್ನ ಹೆಸರು ಹೇಳಿದರೆ ನೌಕರಿ ಹೋಗುತ್ತದೆ, ಜೈಲು ತಪ್ಪುವುದಿಲ್ಲ. ದಾರಿಯುದ್ದಕ್ಕೂ ನನಗೆ ನನ್ನದೇ ಚಿಂತೆ.

ಬಾಗಲಕೋಟೆಯ ದವಾಖಾನೆಯಲ್ಲಿ ಕಿವಿಯನ್ನು ಹೊಲಿದು ಕೂರಿಸಿದರು, ತಲೆಗೂ ಹೊಲಿಗೆ ಬಿತ್ತು. ಜೀವಕ್ಕೆ ಭಯವಿಲ್ಲ ಎಂದ ಡಾಕ್ಟರು, ಇಂಥ ಗಾಯವನ್ನು ಪೊಲೀಸರಿಗೆ ತಿಳಿಸಲೇಬೇಕು ಎಂದರು. ಮಧ್ಯಾಹ್ನ ಒಬ್ಬ ಪೊಲೀಸ ಬಂದು ಕಾಕಾನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತ.

"ಏನಾತು, ಹೇಳ್ರಿ ಹಿರೇರ?"

"ಬಿದ್ನಿರಿ."

"ಎಲ್ಲಿಂದ ಬಿದ್ರಿ?"

"ನಮ್ಮ ಹೊಲದ ಬದುವಿನ ಮ್ಯಾಲಿಂದ. ಕೆಳಗ ಸಲಿಕಿ ಇತ್ತು."

ನನಗೆ ಅಳು ಬಂತು. ಅವನ ಕಾಲು ಹಿಡಿಯಬೇಕು ಎನ್ನಿಸಿತು. ಪೊಲೀಸ ಬರೆದುಕೊಳ್ಳುತ್ತ, "ಹಿನ್ನೀರಾಗ ಯಾವ ಬದುರಿ?" ಎಂದು ಕೇಳಿದ.

ಕಾಕಾ ಊದಿದ ಮುಖವನ್ನು ನಿಧಾನಕ್ಕೆ ಅವನ ಕಡೆ ಹೊರಳಿಸಿದ. "ಐತಿರಿ. ಬೇವಿನ ಬೊಡ್ಡಿಯಿಂದ ನಲವತ್ತು ಹೆಜ್ಜಿ. ನನ್ನ ಹೆಜ್ಜಿಲೆ. ಹಂಗ ಬರಕೋರಿ, ನನ್ನ ಹೆಜ್ಜಿಲೆ." ಆಮೇಲೆ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. "ಈ ಮಾಸ್ತರ ಕಂಡಾನ್ರಿ. ಅವನ ಸಹಿ ತಗೋರಿ."

ಪೊಲೀಸ ಎಲ್ಲವನ್ನೂ ಬರೆದ. ಹಾಳೆ, ಪೆನ್ನು ನನ್ನ ಕೈಗೆ ಬಂದವು. ಸರ್ಕಾರದ ಯಾವ ದಫ್ತರದಲ್ಲೂ ಇಲ್ಲದ ಬದು ಈಗ ಒಂದು ಹಾಳೆಯಲ್ಲಿ ಇತ್ತು, ಅದೂ ಕಾಕಾ ಹೇಳಿದ ಜಾಗದಲ್ಲಿ. ನಾನು ಸಹಿ ಮಾಡಿದೆ.

ಮೂರು ಗಂಟೆಯ ಹೊತ್ತಿಗೆ ಅಪ್ಪ ಆಟೊ ಮಾಡಿಕೊಂಡು ಬಂದ. ಕೋಲೂರಿಕೊಂಡು ನೇರ ಮಂಚದ ಹತ್ತಿರ ಹೋಗಿ ಕಾಕಾನ ಪಾದ ಒತ್ತುತ್ತ ಕೂತ. ಇಬ್ಬರೂ ಬಹಳ ಹೊತ್ತು ಮೆಲ್ಲಗೆ ಮಾತಾಡಿದರು, ನಡುವೆ ಒಮ್ಮೆ ನಕ್ಕರು ಕೂಡ. ಆಮೇಲೆ ಕಾಕಾ ಅದೇನನ್ನೋ ಹೇಳಿದ. ಅಪ್ಪ ಎದ್ದು ಹೊರಗೆ, ನಾನು ನಿಂತಿದ್ದ ಪಡಸಾಲೆಗೆ ಬಂದ. ಹತ್ತಾರು ಜನರ ಎದುರಿಗೆ ನನ್ನ ಕಪಾಳಕ್ಕೆ ಬಾರಿಸಿದ. ಕನ್ನಡಕ ಹಾರಿ ಗೋಡೆಗೆ ಬಡಿಯಿತು. ತುಟಿ ಒಡೆದು ರಕ್ತ ಬಂತು.

"ಹೊಡದೇನಪಾ, ತಪ್ಪಾತು," ಎಂದೆ.

"ಹೊಡದಿದ್ದಕ್ಕಲ್ಲಲೇ, ಸಹಿ ಮಾಡಿದ್ದಕ್ಕ," ಎಂದ. "ಅವ ಬಿದ್ದಿಲ್ಲ, ನಾನ ಹೊಡದೇನಿ ಅಂತ ನೀ ಖರೇ ಹೇಳಿದ್ರ ಆ ಹಾಳಿ ಸುಳ್ಳಾಗ್ತಿತ್ತು. ನಮ್ಮ ಬದು ಉಳೀತಿತ್ತು."

ಮಗ ಜೈಲಿಗೆ ಹೋದರೂ ಸರಿ, ಎಂಟು ಹೆಜ್ಜೆ ಉಳಿಯಲಿ ಎಂದ ಅಪ್ಪನ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಪೆನ್ನು ಹಿಡಿದು ನಿಂತಾಗ ನನಗೂ ಮೊದಲು ನೆನಪಾದದ್ದು ಜೈಲಲ್ಲ, ಆ ಎಂಟು ಹೆಜ್ಜೆಯೇ.